ಕರುಳುಪಟ್ಟಿ ಹೇಳಿದ ಮೇಲೆ

ಎರಡನೆಯ ಅಧಿಕ ವೈಶಾಖ, ೨೨೧೪
ರಾಯಚೂರು ಸೀಮೆ, ಹಳೆಯ ಗಣಿಯೊಳಗಿನ ಆಸ್ಪತ್ರೆ

ಹಿಂದಿನ ಕಾಲದ ಹಿರಿಯರಿಗೆ ನೀಲಗಂಗಾ ಮಾಡುವ ನಮಸ್ಕಾರಗಳು. ತಿಥಿ ನೋಡಿ ನಗಬೇಡಿ. ಬಿಸಿಲು ಮುಗಿಯದ್ದರಿಂದ ನಾವು ವೈಶಾಖವನ್ನೇ ಮೂರು ಬಾರಿ ಎಣಿಸುತ್ತೇವೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮವೂ ನಮಗೆ ಹಾಗೆಯೇ.

ಸುರಂಗ ತಂಪು, ಅದಕ್ಕೇ ಆಸ್ಪತ್ರೆ ನೆಲದಡಿಯಲ್ಲಿದೆ. ರಕ್ತಕ್ಕೆ ನಂಜೇರಿದವರ ಹೊಟ್ಟೆಗೆ ಇಲ್ಲಿ ಕರುಳುಪಟ್ಟಿ ಕಟ್ಟುತ್ತಾರೆ. ಅಂಗೈಯಗಲದ ಮೆತ್ತನೆಯ ಪಟ್ಟಿ ಅದು. ಕರುಳಿಗೆ ಎಷ್ಟು ರಕ್ತ ಹರಿಯುತ್ತಿದೆಯೆಂದು ಚರ್ಮದ ಮೇಲಿಂದಲೇ ಅಳೆಯುತ್ತದೆ. ನಂಜೇರಿದಾಗ ದೇಹವು ಎದೆಯನ್ನೂ ಮಿದುಳನ್ನೂ ಉಳಿಸಿಕೊಳ್ಳಲು ಮೊದಲು ಕರುಳಿನ ಪಾಲನ್ನೇ ಕಡಿಮೆ ಮಾಡುತ್ತದಂತೆ. ಹಾಗಾಗಿ ನಾಡಿ ನೆಟ್ಟಗಿರುವಾಗಲೇ ಪಟ್ಟಿಗೆ ಅಪಾಯದ ಸುಳಿವು ಸಿಗುತ್ತದೆ. ನಿಮ್ಮ ಕಾಲದವರು ಇಂಥದ್ದಕ್ಕೆ ಹಂಬಲಿಸಿದ್ದರೆಂದು ಬಲ್ಲೆ. ಒಳ್ಳೆಯ ವಿದ್ಯೆಯೇ.

ಆದರೆ ನಮ್ಮವರು ಮಾಡಿಕೊಂಡ ಪದ್ಧತಿ ನೋಡಿ. ಪಟ್ಟಿ ಬೂದು ಬಣ್ಣಕ್ಕೆ ತಿರುಗಿದರೆ ರೋಗಿಯನ್ನು ಕೆಳಸಾಲಿಗೆ ಸಾಗಿಸುತ್ತಾರೆ. ಮದ್ದು, ಗಂಜಿ ಎಲ್ಲ ಉಳಿಯುವವರಿಗೆ ಮಾತ್ರ. ಬಂಧುಗಳು ಹಣೆ ಮುಟ್ಟಿ, ಮನೆಗೆ ಹೋಗಿ ತಲೆಗೆ ಸ್ನಾನ ಮಾಡುತ್ತಾರೆ, ಇತ್ತ ಉಸಿರಿರುವಾಗಲೇ. ಪಟ್ಟಿ ಎಂದೂ ಸುಳ್ಳಾಗಿಲ್ಲವೆಂದು ವೈದ್ಯರಿಗೆ ಹೆಮ್ಮೆ. ಮದ್ದು ನಿಲ್ಲಿಸಿದ ಮೇಲೆ ಅದು ಸುಳ್ಳಾಗುವುದಾದರೂ ಹೇಗೆ? ಕೇಳಿದರೆ, ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ನಿನ್ನೆ ನನ್ನ ಯಜಮಾನರು ಚೆನ್ನವೀರರ ಪಟ್ಟಿ ಬೂದಾಯಿತು. ಕಾಲಿನ ಹುಣ್ಣಿನಿಂದ ಏರಿದ ನಂಜು. ಮೈದುನ ಬಸಲಿಂಗ ಅಣ್ಣನ ಹಣೆ ಮುಟ್ಟಿ, “ನಡೀರಿ ವೈನಿ, ಪಟ್ಟಿ ಹೇಳಿ ಆತು. ಇನ್ನೇನೈತಿ ಇಲ್ಲಿ?” ಎಂದ. ಕೆಟ್ಟವನಲ್ಲ, ಅಳುತ್ತಲೇ ಹೇಳಿದ. ನಾನು ಹೋಗಲಿಲ್ಲ. ಕೆಳಸಾಲಿನಲ್ಲಿ ಕುರ್ಚಿಗಳಿಲ್ಲ, ಯಾರೂ ಕೂರುವುದಿಲ್ಲವಲ್ಲ. ಮಂಚದ ಪಕ್ಕ ನೆಲದ ಮೇಲೆ ಕುಳಿತೆ. ಇಷ್ಟು ವರ್ಷ ಸಂಸಾರ ಮಾಡಿದವರ ಬಳಿಯಲ್ಲೇ ಕುಳಿತು ಇಷ್ಟೊಂದು ಒಂಟಿಯಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಮಾತಾಡಲು ಒಂದು ಜೀವವೂ ಇಲ್ಲದೆ ನಿಮಗೆ ಬರೆಯತೊಡಗಿದೆ.

ನನ್ನ ಬೇಡಿಕೆ ಇಷ್ಟೇ. ಈ ಅಳತೆಯನ್ನು ಅಗತ್ಯವಾಗಿ ಕಂಡುಹಿಡಿಯಿರಿ. ಆದರೆ ಕರುಳಿನ ರಕ್ತ ಇಳಿಯಿತೆಂದು ತಿಳಿದ ಕೂಡಲೇ ಮದ್ದು ಹಿಡಿದು ಮಂಚದ ಬಳಿಗೆ ಓಡಿ ಬನ್ನಿ. ಯಾರನ್ನು ಬಿಟ್ಟುಬಿಡಬಹುದೆಂದು ತಿಳಿಯಲು ಅದನ್ನು ಬಳಸಬೇಡಿ.

ಇಷ್ಟು ಬರೆಯುವಷ್ಟರಲ್ಲಿ ಇವರು ಕಣ್ಣು ತೆರೆದರು. “ಗಂಗಾ, ಹೊಟ್ಟಿ ಹಸದೈತಿ” ಎಂದರು. ಪಟ್ಟಿ ಇನ್ನೂ ಬೂದಾಗಿಯೇ ಇದೆ. ಬಾಗಿಲಿಗೆ ಓಡಿ ಕೂಗಿದೆ. ಸುರಂಗ ಉದ್ದ, ಊಟದ ಗಾಡಿ ಈ ಸಾಲಿಗೆ ಬರುವುದಿಲ್ಲ. ಕಾಗದ ಇಲ್ಲಿಗೇ ನಿಲ್ಲಿಸುತ್ತೇನೆ. ಯಾರಾದರೂ ಗಂಜಿ ತರುವವರೆಗೆ ಕೂಗಬೇಕಾಗಿದೆ.