ಬಾಯಿ ಕ್ಯಾನ್ಸರಿನ ಗುಳಿಗೆಯ ಸುದ್ದಿಯನ್ನು ಹಿಂದಕ್ಕೆ ಪಡೆಯಿರಿ

ಸಂಶೋಧನಾ ಸಂಸ್ಥೆಯ ನಿರ್ದೇಶಕರೇ,

ತಮ್ಮ ಸಂಸ್ಥೆ ಬಾಯಿ ಕ್ಯಾನ್ಸರಿಗೆ ಔಷಧ ಕಂಡುಹಿಡಿದಿದೆ ಎಂಬ ಸುದ್ದಿ ತಪ್ಪು. ಇದು ತಮಗೆ ಗೊತ್ತಾಗಿ ವರ್ಷ ದಾಟಿತು. ಮುಚ್ಚಿದ ಕೋಣೆಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

2004ರಲ್ಲಿ ಪತ್ರಿಕೆಗಳ ಮುಖಪುಟದಲ್ಲಿ ತಮ್ಮ ಭಾವಚಿತ್ರ ಬಂದ ಮೇಲೆ, ಆ ಔಷಧದ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ದೃಢಪಡಿಸುವ ಕೆಲಸವನ್ನು ತಮ್ಮಲ್ಲೇ ಸಂಶೋಧಕಿಯಾದ ನನಗೆ ಒಪ್ಪಿಸಿದವರು ತಾವೇ. ಸುದ್ದಿ ಮೊದಲು, ಪರೀಕ್ಷೆ ಆಮೇಲೆ! ಈ ಕ್ರಮವನ್ನು ತಾವು ಯಾವ ವಿಜ್ಞಾನದಲ್ಲಿ ಕಲಿತಿರೋ ತಿಳಿಯದು. ಪ್ರಯೋಗಾಲಯದ ಶೀಶೆಗಳಲ್ಲಿ ಸಾಕಿದ ಕೋಶಗಳಿಗೆ ನಾನು ಔಷಧ ಹಾಕಿದೆ, ಅವು ಸತ್ತವು. ಅಲ್ಲಿಗೇ ಸಂಭ್ರಮಿಸಬಹುದಿತ್ತು. ಆದರೆ ಔಷಧ ಹಾಕದ ಶೀಶೆಗಳಲ್ಲಿ ಅವು ಬೆಳೆಯುವ ರೀತಿ ನೋಡಿ ಅನುಮಾನ ಬಂತು. ಅವುಗಳ ಜೀನುಗಳ ಅಕ್ಷರಸಾಲನ್ನು ಓದಿಸಿದೆ. ಬಾಯಿ ಕ್ಯಾನ್ಸರಿನವೆಂದು ನಾವು ಇಷ್ಟು ಕಾಲ ಸಾಕಿದ ಕೋಶಗಳು ಗರ್ಭಕಂಠದ ಕ್ಯಾನ್ಸರಿನವು. ಯಾವಾಗಲೋ ಒಂದು ಶೀಶೆಯಿಂದ ಇನ್ನೊಂದಕ್ಕೆ ಬೆರೆತು, ಮೂಲದವನ್ನು ಅಳಿಸಿ ತಾವೇ ತುಂಬಿಕೊಂಡಿದ್ದವು. ಬೇರೆ ಕಡೆಯಿಂದ ನಿಜವಾದ ಬಾಯಿ ಕ್ಯಾನ್ಸರಿನ ಕೋಶ ತರಿಸಿ ಅದೇ ಔಷಧ ಹಾಕಿದೆ. ಅವು ಏನೂ ಆಗದಂತೆ ಬೆಳೆಯುತ್ತಲೇ ಇದ್ದವು.

ಇದನ್ನು ತಮ್ಮ ಮುಂದಿಟ್ಟಾಗ "ಕೋಶ ಬೆರೆಯುವುದು ಎಲ್ಲ ಕಡೆ ಇದ್ದದ್ದೇ, ಅವಸರ ಬೇಡ" ಎಂದಿರಿ. ಬೆರೆತದ್ದು ಅಪರಾಧವಲ್ಲ, ಒಪ್ಪುತ್ತೇನೆ. ಗೊತ್ತಾದ ಮೇಲೂ ಸುಮ್ಮನಿರುವುದಕ್ಕೆ ಏನೆನ್ನಬೇಕು?

ಅವಸರ ಯಾರಿಗಿತ್ತೆಂದು ಹೇಳುತ್ತೇನೆ. ಕಲ್ಲೋಳಿಯಲ್ಲಿ ನನ್ನ ಸೋದರತ್ತೆ ಜಿನ್ನವ್ವ ಇದ್ದಾರೆ. ಹಲ್ಲಿಗೆ ಮಿಶ್ರಿ ಎಂಬ ತಂಬಾಕಿನ ಪುಡಿ ತಿಕ್ಕಿ ತಿಕ್ಕಿ ಗಲ್ಲದೊಳಗೆ ಹುಣ್ಣಾಗಿತ್ತು. ಕೂಡಲೇ ಆಪರೇಶನ್ ಆಗಬೇಕೆಂದು ಗೋಕಾಕದ ಡಾಕ್ಟರು ಹೇಳಿದರೂ ಅತ್ತೆ ಒಪ್ಪಿರಲಿಲ್ಲ. ಕಳೆದ ದೀಪಾವಳಿಗೆ ಊರಿಗೆ ಹೋದಾಗಲೇ ನನಗಿದು ತಿಳಿದದ್ದು.

"ನಿಮ್ಮ ಸಂಸ್ಥೆದವರ ಗುಳಗಿ ಕಂಡ್ಹಿಡದಾರಲ್ಲ, ಅದು ಬರಲಿ, ಗಲ್ಲ ಯಾಕ ಕೊಯ್ಸ್ಕೊಳ್ಳಲಿ?" ಎಂದರು.

"ಅದು ಖರೆ ಅಲ್ಲ ಅತ್ತಿ. ನಾನ ತಪಾಸ ಮಾಡೇನಿ."

ಅತ್ತೆ ನನ್ನ ಮುಖವನ್ನೇ ನೋಡಿದರು. "ಮತ್ತ ಅದನ್ನ ಪೇಪರಿನ್ಯಾಗ ಯಾಕ ಹಾಕಿಲ್ಲ?"

ಅದಕ್ಕೆ ಉತ್ತರ ಕೊಡಬೇಕಾದವರು ತಾವು, ನಿರ್ದೇಶಕರೇ.

ಕೈಕಾಲು ಹಿಡಿದು ಬೆಳಗಾವಿಗೆ ಕರೆದೊಯ್ದೆವು. ಅಷ್ಟರಲ್ಲಿ ರೋಗ ದವಡೆಯ ಎಲುಬಿಗೆ ಇಳಿದಿತ್ತು. ಬದುಕಿದ್ದಾರೆ. ಅರ್ಧ ದವಡೆ ಇಲ್ಲ, ಗಂಜಿ ಕುಡಿಯುತ್ತಾರೆ. ಓಣಿಯ ತುದಿಗೆ ಕೇಳುವಂತೆ ಗದರುತ್ತಿದ್ದವರ ಮಾತು ಈಗ ಮಗಳೊಬ್ಬಳನ್ನು ಬಿಟ್ಟು ಬೇರೆ ಯಾರಿಗೂ ತಿಳಿಯುವುದಿಲ್ಲ.

ನಮ್ಮೂರ ಹತ್ತಿರದ ತುಕ್ಕಾನಟ್ಟಿಯ ಗುಡ್ಡವ್ವನಿಗೂ ಅದೇ ರೋಗ, ಅದೇ ಗುಳಿಗೆಯ ಆಸೆ. ಕಳೆದ ವಾರ ಅವರ ಮನೆಗೂ ಹೋಗಿ ಹೇಳಿದೆ. ಮಗ ಖಂಡೆಪ್ಪ ಚಹಾ ಕೊಟ್ಟು, ಎಲ್ಲ ಕೇಳಿಸಿಕೊಂಡು, "ನೀವೊಬ್ಬರ ಹೇಳಾಕತ್ತೀರಿ ಅಕ್ಕಾರ. ಅಷ್ಟು ದೊಡ್ಡವರ ಫೋಟೋ ಹಾಕಿ ಬರದಾರ, ಅದು ಸುಳ್ಳಾಗತೈತೇನ್ರಿ?" ಎಂದ.

ನನಗೆ ಇನ್ನು ವಾದಿಸುವ ಶಕ್ತಿಯಿಲ್ಲ. ಆ ಮನೆಯವರು ನಂಬುವುದು ನಿರ್ದೇಶಕರಾದ ತಮ್ಮ ಮಾತನ್ನೇ. ಅದೇ ಪತ್ರಿಕೆಗಳ ಮುಖಪುಟದಲ್ಲಿ, ಅದೇ ಭಾವಚಿತ್ರದೊಡನೆ, ಆ ಔಷಧ ಬಾಯಿ ಕ್ಯಾನ್ಸರಿನ ಕೋಶಗಳನ್ನು ಕೊಲ್ಲುವುದಿಲ್ಲವೆಂದು ತಾವೇ ಹೇಳಬೇಕು. ಈ ವಾರವೇ ಹೇಳಬೇಕು. ಗುಡ್ಡವ್ವನ ಹುಣ್ಣು ಇನ್ನೂ ಎಲುಬು ಮುಟ್ಟಿಲ್ಲ.

ಇಂತಿ,
ತಮಗೆ ಬೇಡವಾದ ಉತ್ತರ ತಂದವಳು,
ಆರತಿ ಧನಪಾಲ, ಕಲ್ಲೋಳಿ