ಸಾತವ್ವನವರ ಪೂಜೆಯ ಮೇಲೆ ನನ್ನ ಜಳಕದ ನೀರು

ಮಾನ್ಯ ಎಂಜಿನಿಯರ್ ಸಾಹೇಬರೇ,

ಮೂಡಲಗಿಯ ಸರ್ಕಾರಿ ವಸತಿಗೃಹದ ಮೇಲಿನ ಮನೆಯಲ್ಲಿ ನಾನು ಜಳಕ ಮಾಡಿದರೆ, ಆ ನೀರು ಕೆಳಗಿನ ಮನೆಯ ಸಾತವ್ವನವರ ಪೂಜೆಯ ಮೇಲೆ ಸೋರುತ್ತದೆ. ಗೋಕಾಕದ ಬಸ್ಸು ಹತ್ತಿ ನಿಮ್ಮ ಕಚೇರಿಯ ಬಾಗಿಲು ಕಾಯ್ದು ಸಾಕಾಗಿ, ನಾಲ್ಕು ಜನ ಓದಲಿ ಎಂದು ಇಲ್ಲಿ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇದರಿಂದ ನಿಮ್ಮ ಮರ್ಯಾದೆ ಹೋದೀತೆಂದು ಹೆದರಬೇಡಿ. ಹೋಗುತ್ತಿರುವುದು ನನ್ನದು.

ನಾನು ಪಶು ಆಸ್ಪತ್ರೆಯ ನೌಕರ. ಎಮ್ಮೆ ಈಯಲಾರದೆ ಒದ್ದಾಡುವಾಗ ಮೊಳಕೈವರೆಗೆ ಕೈ ಹಾಕಿ ಕರು ಎಳೆಯುವುದು ನನ್ನ ಕೆಲಸ. ಮೈಗೆಲ್ಲ ಸೆಗಣಿ, ರಕ್ತ ಹತ್ತಿರುತ್ತದೆ. ಸಂಜೆ ಮನೆಗೆ ಬಂದವನೇ ಬಚ್ಚಲಿಗೆ ಓಡುತ್ತೇನೆ. ಅದೇ ಹೊತ್ತಿಗೆ ಕೆಳಗೆ ಸಾತವ್ವನವರು ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಿರುತ್ತಾರೆ. ಒಂದು ಸಂಜೆ, ಕುಲಗೋಡದ ರೈತರೊಬ್ಬರು ಕೊಟ್ಟ ಗಿಣ್ಣದ ಹಾಲಿನಲ್ಲಿ ಅವರಿಗೂ ಇಷ್ಟು ಕೊಡಲು ಕೆಳಗೆ ಹೋಗಿದ್ದೆ. ಮೇಲೆ ನನ್ನ ಹೆಂಡತಿ ರಾಮವ್ವ ಜಳಕ ಮಾಡುತ್ತಿದ್ದಳು. ಕೆಳಗೆ ಆ ಹಿರಿಯ ಜೀವ ಕಣ್ಣು ಮುಚ್ಚಿಕೊಂಡು, ಲಿಂಗ ಹಿಡಿದ ಕೈಗೆ ಇನ್ನೊಂದು ಕೈಯಿಂದ ಸ್ಟೀಲ್ ತಾಟನ್ನು ಕೊಡೆಯಂತೆ ಹಿಡಿದಿತ್ತು. ತಾಟಿನ ಮೇಲೆ ಟಪ್ ಟಪ್ ಎಂದು ಹನಿ ಬೀಳುತ್ತಿತ್ತು.

ಪೂಜೆ ಮುಗಿದ ಮೇಲೆ ಕೇಳಿದೆ: "ಅವ್ವಾರ, ಇಷ್ಟು ದಿನಾ ಯಾಕ ಹೇಳಲಿಲ್ರಿ?"

"ಏನಂತ ಹೇಳಲೋ ಯಪ್ಪಾ? ದುಡದ ಬಂದಾವ್ಗ ಜಳಕಾ ಮಾಡಬ್ಯಾಡ ಅನ್ನಾಕ ಬರತೈತೇನು?"

"ನಾ ಎಂಥಾ ಹೊಲಸಿನ್ಯಾಗಿಂದ ಬರತೇನಿ ಅನ್ನೂದು ನಿಮಗ ಗೊತ್ತೈತೆಲ್ರಿ."

"ಜೀವಾ ಉಳಿಸಿ ಬಂದಿರತಿ. ಅದಕ್ಯಾಕ ಹೊಲಸ ಅಂತಿ?"

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾಚಿಕೆಯಿಂದ ಗಿಣ್ಣದ ಪಾತ್ರೆಯನ್ನೂ ಕೊಡದೆ ಹಾಗೇ ಮೇಲೆ ಬಂದೆ.

ಪೂಜೆಯ ಕೋಣೆಯ ಮೇಲೆ ಬಚ್ಚಲು ಹೇಗೆ ಬಂತು? ನಕ್ಷೆಯಲ್ಲಿ ಬಚ್ಚಲಿನ ಮೇಲೆ ಬಚ್ಚಲೇ ಇತ್ತು. ಆದರೆ ಕಟ್ಟಡ ಮುಗಿಯುವ ಮೊದಲೇ ಮೇಲಿನ ಮನೆಯನ್ನು ತನಗೆಂದು ಹಿಡಿದಿದ್ದ ಅಧಿಕಾರಿಯೊಬ್ಬರಿಗೆ ಈಶಾನ್ಯದ ಬಚ್ಚಲು ಆಗಿಬರುವುದಿಲ್ಲ ಎಂದು ವಾಸ್ತು ಪಂಡಿತರು ಹೇಳಿದರಂತೆ. ತಾವು ವಿನಯದಿಂದ ಅದನ್ನು ಇನ್ನೊಂದು ಮೂಲೆಗೆ ಸರಿಸಿದಿರಿ. ಆ ಅಧಿಕಾರಿ ಇಲ್ಲಿ ಒಂದು ದಿನವೂ ಇರದೆ ವರ್ಗವಾಗಿ ಹೋದರು; ವಾಸ್ತುವಿನ ಫಲ ಅಷ್ಟು ಬೇಗ ಸಿಕ್ಕಿತು. ಬಚ್ಚಲಿನ ಜಾಗದಲ್ಲಿ ಸ್ಲ್ಯಾಬನ್ನು ತಗ್ಗಿಸಿ ಹಾಕಬೇಕು, ನೀರು ಇಳಿಯದ ಲೇಪವನ್ನು ನೆಲಕ್ಕೂ ಗೋಡೆಯ ಬುಡಕ್ಕೂ ಬಳಿಯಬೇಕು, ನೀರು ನಿಲ್ಲಿಸಿ ಕೆಳಗೆ ಒದ್ದೆಯಾಗುವುದಿಲ್ಲ ಎಂದು ಕಂಡ ಮೇಲೆ ಟೈಲ್ಸ್ ಕೂರಿಸಬೇಕು. ಇಷ್ಟು ನಿಮಗೆ ಗೊತ್ತಿಲ್ಲವೇ? ಮಲಗುವ ಕೋಣೆಗೆಂದು ಹಾಕಿದ ಸಪಾಟು ಸ್ಲ್ಯಾಬಿಗೆ ತೂತು ಹೊಡೆದು ಪೈಪ್ ತೂರಿಸಿ, ಮೇಲೆ ಹೊಳೆಯುವ ಟೈಲ್ಸ್ ಅಂಟಿಸಿ ಕೈ ತೊಳೆದುಕೊಂಡಿರಿ. ನಮ್ಮೂರು ದಡ್ಡಿಯ ಹಳೇ ಮನೆಯ ಬಚ್ಚಲಿಗೂ ಲೇಪ ಗೀಪ ಏನಿಲ್ಲ, ಖರೆ. ಅಲ್ಲಿ ಕಲ್ಲಿನ ಸಂದಿನಲ್ಲಿ ಇಳಿದ ನೀರು ಮಣ್ಣಿಗೆ ಹೋಗುತ್ತದೆ. ಮಹಡಿಯ ಕೆಳಗೆ ಮಣ್ಣಲ್ಲ, ಮನುಷ್ಯರಿರುತ್ತಾರೆ ಎಂದು ನಿಮಗೆ ಯಾರು ಹೇಳಬೇಕು?

ದುರಸ್ತಿಯೂ ಆಯಿತೆನ್ನಿ. ಮೊದಲು ಕೆಳಗಿನ ಛಾವಣಿಗೆ ಬಿಳಿ ಬಣ್ಣ ಹಚ್ಚಿಸಿದಿರಿ. ಹನಿಗಳು ಬೆಳ್ಳಗೆ ಬಿದ್ದವು. ಆಮೇಲೆ ಹಳೇ ಟೈಲ್ಸ್ ಮೇಲೆಯೇ ಹೊಸ ಟೈಲ್ಸ್ ಬಂತು. ಬಚ್ಚಲಿನ ನೆಲ ಎತ್ತರವಾಗಿ, ಈಗ ನೀರು ಹೊಸ್ತಿಲು ದಾಟಿ ನಮ್ಮ ಹಾಸಿಗೆಗೂ ಬರುತ್ತದೆ. ಕೊನೆಗೆ ನಿಮ್ಮ ಕಿರಿಯ ಎಂಜಿನಿಯರ್ ಬಂದು, "ಭಾಳ ನೀರ ಸುರಕೋಬ್ಯಾಡ್ರಿ, ಒರಸಿಕೊಂಡ ಮುಗಿಸ್ರಿ" ಎಂದು ಉಪದೇಶ ಮಾಡಿ ಹೋದರು.

ಅದನ್ನೂ ಪಾಲಿಸಿ, ಮನೆಯಲ್ಲಿ ನೀರು ಸುರಿದುಕೊಳ್ಳುವುದನ್ನೇ ಬಿಟ್ಟೆ. ಆಸ್ಪತ್ರೆಯ ಅಂಗಳದಲ್ಲಿ, ದನಗಳಿಗೆ ನೀರು ಕುಡಿಸುವ ನಳದ ಕೆಳಗೆ, ಬಂದವರೆದುರು ಚಡ್ಡಿಯಲ್ಲಿ ಕೂತು ಮೈ ತೊಳೆದುಕೊಂಡೆ. ಸುದ್ದಿ ಸಾತವ್ವನವರಿಗೆ ತಲುಪಿತು. ಮೆಟ್ಟಿಲ ಬುಡದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು.

"ಸತ್ತೆಪ್ಪಾ, ನನ್ನಾಣಿ ಐತಿ ನೋಡು. ನಿನ್ನ ಮನ್ಯಾಗ ಜಳಕಾ ಮಾಡು. ನೀರ ನಿಂತ ಮ್ಯಾಲ ನಾ ಪೂಜಿಗಿ ಕುಂದರತೇನಿ."

ಬೇರೆ ಕಡೆ ಕೂರಲು ಅವರಿಗೆ ಜಾಗವಿಲ್ಲ. ಇನ್ನೊಂದು ಕೋಣೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಸಂಸಾರ. ಈಗ ನಾನು ಹಳ್ಳಿಯಿಂದ ತಡವಾಗಿ ಬಂದಷ್ಟೂ ಅವರ ಪೂಜೆ ತಡ. ಪೂಜೆಯಾಗದೆ ಅವರು ಒಂದು ತುತ್ತೂ ಬಾಯಿಗೆ ಹಾಕುವುದಿಲ್ಲ. ನಾನು ಮೇಲೆ ತಂಬಿಗೆಯಿಂದ ನೀರು ಹಾಕಿಕೊಳ್ಳುತ್ತಿರುವಾಗ ಕೆಳಗೆ ಹಿರಿಯರೊಬ್ಬರು ಹಸಿದುಕೊಂಡು ನನ್ನ ಜಳಕ ಮುಗಿಯುವುದನ್ನು ಕಾಯುತ್ತಿರುತ್ತಾರೆ. ಇದನ್ನು ಬರೆಯಲೂ ನನಗೆ ನಾಚಿಕೆಯಾಗುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಎರಡೂ ಪದರದ ಟೈಲ್ಸ್ ಒಡೆಸಿ, ಆ ಬಚ್ಚಲನ್ನು ಮುಚ್ಚಿ, ನಕ್ಷೆಯಲ್ಲಿದ್ದ ಜಾಗದಲ್ಲೇ ಸರಿಯಾಗಿ ಕಟ್ಟಿಸಿಕೊಡಿ. ನೋಡಲು ತಾವೇ ಬನ್ನಿ, ಸಂಜೆಯ ಹೊತ್ತು ಬನ್ನಿ. ಮೊದಲು ಕೆಳಗಿನ ಮನೆಗೆ ಹೋಗಿ. ಸಾತವ್ವನವರು ನಿಮ್ಮನ್ನೂ "ಬರ್ರಿ, ಉಣ್ಣಾಕ ಕುಂದರ್ರಿ" ಎಂದು ಕರೆಯುತ್ತಾರೆ. ಕೂತುಬಿಡಬೇಡಿ, ಸಾಹೇಬರೇ. ಅವರದಿನ್ನೂ ಊಟವಾಗಿರುವುದಿಲ್ಲ.

ಇಂತಿ,
ಎಷ್ಟು ತೊಳೆದರೂ ಮುಖ ತೋರಿಸಲಾಗದ,
ಮೇಲಿನ ಮನೆಯ ಸತ್ತೆಪ್ಪ
ಮೂಡಲಗಿ