ಕಾಂಡ್ಲಾ ಕಾಡಿನ ನೆಲ ಗುಡಿಸಿದ ಕಚೇರಿಗೆ

ಕಾಂಡ್ಲಾ ಕಾಡಿನ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಕಾಡು ಗುಡಿಸುವುದನ್ನು ನಿಲ್ಲಿಸಿ. ನಮಸ್ಕಾರ, ಕ್ಷೇಮಸಮಾಚಾರ ಎಲ್ಲ ಆಮೇಲೆ. ಅಳಿವೆಯ ಉಪ್ಪುನೀರಲ್ಲಿ ಬೇರೂರಿ ನಿಂತ ಮರಗಳ ಕೆಳಗೆ ತಮ್ಮ ಗುತ್ತಿಗೆದಾರನ ಜನ ಪೊರಕೆ ಹಿಡಿದು, ಉದುರಿದ ಎಲೆಯನ್ನೆಲ್ಲ ಬಾಚಿ, ದಡಕ್ಕೆ ತಂದು ಬೆಂಕಿ ಇಡುತ್ತಿದ್ದಾರೆ. ಆ ಹೊಗೆ ನನ್ನ ದೋಣಿಗೂ ಬರುತ್ತದೆ, ನಿದ್ದೆಗೂ ಬರುತ್ತದೆ. ಕಡವಿನಲ್ಲಿ ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುವವನು ನಾನು. ಈಗ ಹುಟ್ಟು ಹಾಕುತ್ತಲೇ ತಿರುಗಿ ತಿರುಗಿ ಆ ಕಡೆ ನೋಡುತ್ತೇನೆ. "ಏನಪ್ಪಾ, ನಮ್ಮನ್ನ ಸಮುದ್ರಕ್ಕೇ ಕಳಿಸ್ತೀಯಾ ಹೇಗೆ?" ಅಂತ ಕೂತವರು ಕೇಳುವಷ್ಟು ದೋಣಿ ದಿಕ್ಕು ತಪ್ಪುತ್ತಿದೆ.

ಇದೆಲ್ಲ ಶುರುವಾದದ್ದು ಒಬ್ಬ ದೊಡ್ಡ ಅತಿಥಿಯ ಕಾಲು ಜಾರಿದ್ದರಿಂದ ಎಂದು ಕೇಳಿದ್ದೇನೆ. ಕಾಡಿನೊಳಗೆ ತಾವು ಕಟ್ಟಿಸಿದ ಹಲಗೆದಾರಿಯ ಮೇಲೆ ಕೊಳೆತ ಎಲೆ ಬಿದ್ದಿತ್ತಂತೆ, ಅವರು ಜಾರಿದರಂತೆ, ಸಾವರಿಸಿಕೊಂಡು ಸುತ್ತ ನೋಡಿ "ಎಷ್ಟೊಂದು ಕಸ" ಅಂದರಂತೆ. ಹಲಗೆ ಗುಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೇಡ ಅಂದವರು ಯಾರು? ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರನ್ನು ಗಾದೆಯಲ್ಲಿ ಮಾತ್ರ ಕೇಳಿದ್ದೆ. ತಾವು ಇಡೀ ಕಾಡಿನ ನೆಲಕ್ಕೇ ಕ್ಷೌರ ಮಾಡಿಸಿದಿರಿ. ಬೆಂಕಿ ಹಾಕುವ ಜಾಗವನ್ನಾದರೂ ನೋಡಿ ಆರಿಸಬಾರದಿತ್ತೇ? ಪಕ್ಕದಲ್ಲೇ ತಮ್ಮ ಕಚೇರಿಯ ಫಲಕ ನಿಂತಿದೆ. ಇಲ್ಲಿ ಉದುರಿದ ಎಲೆಯನ್ನು ಏಡಿಗಳು ಬಿಲಕ್ಕೆ ಎಳೆಯುತ್ತವೆ, ಉಬ್ಬರದ ನೀರು ಅದರ ಮೇಲೆ ಹೂಳು ಹಾಸುತ್ತದೆ, ಗಾಳಿಯಾಡದ ಆ ಕೆಸರಲ್ಲಿ ಎಲೆಯ ಇಂಗಾಲ ತಲೆತಲಾಂತರ ಉಳಿಯುತ್ತದೆ ಎಂದು ಬಣ್ಣದಲ್ಲಿ ಬರೆಸಿದವರು ತಾವೇ. ಮೊಮ್ಮಕ್ಕಳ ಕಾಲದವರೆಗೆ ಕೆಸರಲ್ಲಿ ಮಲಗಿರಬೇಕಾದದ್ದು ಒಂದೇ ಮಧ್ಯಾಹ್ನದಲ್ಲಿ ಹೊಗೆಯಾಗಿ, ಹೋಗುವ ದಾರಿಯಲ್ಲಿ ಆ ಫಲಕದ ಮುಖಕ್ಕೂ ಮಸಿ ಬಳಿದು ಹೋಗುತ್ತಿದೆ. ಬರೆಸಿದ ಕಚೇರಿ ಬೇರೆ, ಸುಡಿಸುವ ಕಚೇರಿ ಬೇರೆಯೇ? ಅಥವಾ ಫಲಕ ಇರುವುದು ನಮ್ಮಂಥವರು ಓದಲಿ ಎಂದು ಮಾತ್ರವೇ?

ಒಂದು ಕತೆ ಹೇಳುತ್ತೇನೆ, ಚಿಕ್ಕದು. ಅಣ್ಣನ ಸೊಂಟ ಕೈಕೊಟ್ಟ ಮೇಲೆ ಅವನ ಮನೆ ನಡೆಯುವುದು ಅತ್ತಿಗೆ ಹಿಡಿಯುವ ಏಡಿಯಿಂದ. ನೀರಿಳಿದಾಗ ಕಬ್ಬಿಣದ ಕೊಕ್ಕೆ ಹಿಡಿದು ಕೆಸರಿಗಿಳಿದರೆ ಸೊಂಟದವರೆಗೂ ಕೆಸರೇ ಸೀರೆ. ತಮ್ಮ ಜನ ಮೊದಲ ಸಲ ಗುಡಿಸಿ ಹೋದ ವಾರ ಅತ್ತಿಗೆಯ ಬುಟ್ಟಿಗೆ ಮುಚ್ಚಳ ಕೂರಲಿಲ್ಲ. ಏಡಿಗಳು ಬಿಲ ಬಿಟ್ಟು ಬಯಲಲ್ಲೇ ಅಡ್ಡಾಡುತ್ತಿದ್ದವು. "ಸಾಹೇಬ್ರ ಕಾಲ್ಗುಣ ನೋಡ್ರಪ್ಪಾ" ಅಂತ ಅತ್ತಿಗೆ ಬೀದಿಯೆಲ್ಲ ಹೇಳಿಕೊಂಡು ಬಂದರು. ಬೀದಿಯೂ ಹೌದೌದು ಅಂತು.

ಕಾಲ್ಗುಣವಲ್ಲ ಸ್ವಾಮಿ, ಹಸಿವು. ಎಲೆ ತಿನ್ನುವ ಸಣ್ಣ ಏಡಿ ಎಲೆ ಹುಡುಕಿಕೊಂಡು ಬಯಲಿಗೆ ಬಂತು, ಅದನ್ನು ತಿನ್ನುವ ದೊಡ್ಡ ಏಡಿ ಅದರ ಹಿಂದೆ ಬಂತು. ಕೊಕ್ಕರೆಗೂ ಸುಗ್ಗಿ, ನಮಗೂ ಸುಗ್ಗಿ. ಸುಗ್ಗಿ ಮುಗಿದ ಮೇಲೆ ಬಿಲಗಳ ಬಾಯಿ ಒಂದೊಂದಾಗಿ ಮುಚ್ಚಿಕೊಂಡವು. ಈಗ ಅತ್ತಿಗೆ ಮೈತುಂಬ ಕೆಸರು ಹೊತ್ತು ಬರುತ್ತಾರೆ, ಬುಟ್ಟಿ ಮಾತ್ರ ಹಗುರ.

ಮೊನ್ನೆ ನಾನು ಅತ್ತಿಗೆಯ ಮನೆಯಲ್ಲಿದ್ದಾಗ ಗುತ್ತಿಗೆಯ ಮೇಸ್ತ್ರಿ ಬಾಗಿಲಿಗೆ ಬಂದ. ಮುಂದಿನ ಸೋಮವಾರದಿಂದ ಅಳಿವೆಯ ಆಚೆ ದಡವನ್ನೂ ಗುಡಿಸುವ ಆದೇಶವಾಗಿದೆಯಂತೆ, ಆಳು ಸಾಲದಂತೆ.

"ನೀನೂ ಬಾ ಅಕ್ಕಾ. ಹೇಗೂ ಏಡಿ ಸಿಗ್ತಿಲ್ಲ. ಪೊರಕೆ ನಾವೇ ಕೊಡ್ತೀವಿ."

"ಪೊರಕೆ ನಮ್ಮನೇಲೂ ಇದೆ. ಕಾಡನ್ನ ಯಾರಾದ್ರೂ ಗುಡಿಸ್ತಾರೇನಪ್ಪಾ?"

"ಸಾಹೇಬ್ರಿಗೆ ನೆಲ ಕಾಣ್ಬೇಕಂತೆ."

"ನೆಲ ನೋಡೋ ಆಸೆಯಿದ್ರೆ ಅವ್ರ ಮನೆ ಅಂಗಳ ನೋಡ್ಕೊಳ್ಳಲಿ ಅನ್ನು."

ಮೇಸ್ತ್ರಿ ನಕ್ಕ. "ನಂಗ್ಯಾಕೆ ಬೈತೀಯಾ? ನಾನೂ ಕೂಲಿಯವನೇ. ಶನಿವಾರ ಸಂಜೆಯೊಳಗೆ ಹೇಳು" ಅಂದು ಹೋದ.

ಅವನು ಬೀದಿ ತಿರುಗಿದ ಮೇಲೆ ಅತ್ತಿಗೆ ಹೊಸಿಲ ಮೇಲೆ ಕೂತರು. "ಬೈಯೋದೇನೋ ಬೈದೆ ತಮ್ಮಾ, ಹೋಗ್ದೇ ಇದ್ರೆ ಒಲೆ ಹೇಗೆ ಹಚ್ಲಿ? ಹೋದ್ರೆ ಆಚೆ ದಡದ ಏಡೀನೂ ನನ್ ಕೈಯಾರೆ ಕಳ್ಕೋತೀನಿ. ನೀನೇ ಹೇಳು" ಅಂದರು. ಊರಿಗೆಲ್ಲ ಕತೆ ಹೇಳುವ ಬಾಯಿ ನನ್ನದು. ಆದರೆ ಇದಕ್ಕೆ ಉತ್ತರ ಹೇಳಬೇಕಾದವರು ತಾವು. ಅದಕ್ಕೇ ಆ ಪ್ರಶ್ನೆಯನ್ನು ತಮ್ಮ ಬಾಗಿಲಿಗೆ ತಂದಿದ್ದೇನೆ.

ಶನಿವಾರ ಸಂಜೆಯೊಳಗೆ ಆಚೆ ದಡದ ಆದೇಶವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಈಚೆ ದಡದಲ್ಲೂ ಮರದಡಿಯ ಎಲೆ ಮುಟ್ಟಬೇಡಿ, ಒಂದು ಕಡ್ಡಿಯನ್ನೂ ಸುಡಬೇಡಿ. ಗುಡಿಸಲೇಬೇಕೆಂದರೆ ಹಲಗೆದಾರಿಯಿದೆ, ಅದನ್ನು ದಿನಾ ಗುಡಿಸಿ, ಎಲೆಯನ್ನು ಅಲ್ಲೇ ಕೆಳಗಿನ ಕೆಸರಿಗೆ ತಳ್ಳಿಸಿ, ಆ ಕೂಲಿಯನ್ನು ಏಡಿ ಕಳೆದುಕೊಂಡ ಮನೆಯವರಿಗೇ ಕೊಡಿ.

ಆಗುವುದಿಲ್ಲವೇ? ಹಾಗಾದರೆ ಸೋಮವಾರ ಬೆಳಿಗ್ಗೆ ತಾವೇ ದಯಮಾಡಿಸಿ. ಆಚೆ ದಡಕ್ಕೆ ನಾನು ದಾಟಿಸುತ್ತೇನೆ, ಕೂಲಿ ಬೇಡ. ಅತ್ತಿಗೆ ಪೊರಕೆ ಹಿಡಿದು ಅಲ್ಲಿ ನಿಂತಿರುತ್ತಾರೆ. ಯಾವ ಎಲೆಯಿಂದ ಶುರು ಮಾಡಬೇಕು ಎಂದು ಅವರ ಮುಖ ನೋಡಿ ಹೇಳಿ.

ಇಂತಿ,
ಕಸ ಅನ್ನಿಸಿಕೊಳ್ಳುವ ಸರದಿ ನಮಗೆ ಯಾವತ್ತು ಬರುತ್ತದೋ ಎಂದು ಕೂತಲ್ಲಿ ಕೂರಲಾಗದ,
ಕಡವಿನ ದೋಣಿಯವ